ಹೊರಗಿನ ಚಿಲಕ

ನರ್ಸ್ ಮೊದಲ ಸಲ ಬಾಗಿಲು ತಟ್ಟಿದಾಗ ಹೊಲಿಗೆಯಕ್ಕ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತ ಕೂತಿದ್ದಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಎದ್ದುಹೋಗಿ ಬಾಗಿಲನ್ನು ಒಂದು ಗೇಣು ತೆರೆದಳು. ಹೊರಗೆ ನಿಂತಿದ್ದಾಕೆಗೆ ಐವತ್ತರ ಆಸುಪಾಸು. ಹೆಗಲಲ್ಲಿ ದಪ್ಪ ಚೀಲ, ಕೊರಳಲ್ಲಿ ಬಡಾವಣೆಯ ಆರೋಗ್ಯ ಕೇಂದ್ರದ ಗುರುತಿನ ಚೀಟಿ. ಮಕ್ಕಳಿಗೆ ಲಸಿಕೆ ಹಾಕಿಸಿದ್ದಾರೋ ಇಲ್ಲವೋ ವಿಚಾರಿಸಿಕೊಂಡು ಮನೆಮನೆಗೂ ಹೋಗುತ್ತಿದ್ದೇನೆ, ಸ್ವಲ್ಪ ಒಳಗೆ ಬರಬಹುದೇ ಎಂದು ಕೇಳಿದಳು.

ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಹೊಲಿಗೆಯಕ್ಕ ಸೂಜಿಗಳನ್ನು ತನ್ನ ಸೆರಗಿನ ಅಂಚಿಗೆ ಚುಚ್ಚಿಕೊಂಡು ದಾರಿ ಬಿಟ್ಟಳು.

ಮನೆ ಎಂದರೆ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಊಟದ ಮೇಜು, ಮೇಜಿನ ಕೆಳಗೆ ಅವಳ ಮಗಳು. ಐದು ವರ್ಷ ದಾಟಿದ ಮಗು. ಸಂತೋಷವಾದರೂ ಗಾಬರಿಯಾದರೂ ಎರಡು ಕೈಗಳನ್ನೂ ರೆಕ್ಕೆಯ ಹಾಗೆ ಬಡಿಯುತ್ತಿದ್ದುದರಿಂದ ಅವಳಪ್ಪ ಗುಬ್ಬಿ ಎಂದು ಕರೆದಿದ್ದ. ಈಗ ಅದೇ ಹೆಸರಾಗಿತ್ತು. ಗುಬ್ಬಿ ಮಾತಾಡುತ್ತಿರಲಿಲ್ಲ. ಖಾಲಿಯಾದ ನೂಲಿನ ಉರುಳೆಗಳನ್ನು ಸಾಲಾಗಿ ಜೋಡಿಸುತ್ತ, ಮೂಗಿನಲ್ಲೇ ಒಂದೇ ಸ್ವರ ಎಳೆಯುತ್ತ ಕೂತಿದ್ದಳು. ಬಂದವರ ಕಡೆ ತಲೆಯೆತ್ತಿ ನೋಡಲಿಲ್ಲ.

ನರ್ಸ್ ಲಸಿಕೆಯ ಬಗ್ಗೆ ಕೇಳಿದಳು. ಹೊಲಿಗೆಯಕ್ಕ ಎಲ್ಲ ಹಾಕಿಸಿದ್ದೇವೆ ಎಂದಳು. ನರ್ಸ್ ಕೇಳಿದ ಪ್ರಶ್ನೆ ಒಂದು, ಕಣ್ಣು ಓಡಾಡಿದ್ದು ಇನ್ನೊಂದು ಕಡೆ. ಮೊದಲು ಗುಬ್ಬಿಯ ತೋಳಿನ ಮೇಲೆ. ಅಲ್ಲಿ ಹಸಿರುಗಟ್ಟಿದ ಹಳೆಯ ಕಲೆಗಳೂ ಹೊಸ ನೀಲಿ ಕಲೆಗಳೂ ಇದ್ದವು. ಆಮೇಲೆ ಹಿಂದಿನ ಕೋಣೆಯ ಬಾಗಿಲಿನ ಮೇಲೆ. ಆ ಬಾಗಿಲಿಗೆ ಹೊರಗಡೆಯಿಂದ, ದೊಡ್ಡವರ ತಲೆಯ ಮಟ್ಟಕ್ಕೆ, ಒಂದು ಉಕ್ಕಿನ ಚಿಲಕ ಜಡಿದಿತ್ತು. ನರ್ಸ್ ಕಣ್ಣು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಕಲೆಗಳ ಬಗ್ಗೆಯಾಗಲಿ ಚಿಲಕದ ಬಗ್ಗೆಯಾಗಲಿ ಆಕೆ ತುಟಿಪಿಟಕ್ ಎನ್ನಲಿಲ್ಲ. ಕುಡಿಯಲು ನೀರು ಕೇಳಿದಳು. ನೀರು ತರುವಷ್ಟರಲ್ಲಿ ಎದ್ದುಬಂದು ಅಡುಗೆಮನೆಯನ್ನೂ ಇಣುಕಿದ್ದಳು. ಮುಂದಿನ ವಾರ ಮತ್ತೆ ಬರುತ್ತೇನೆ ಎಂದು ಹೊರಟಳು.

ಹೊಲಿಗೆಯಕ್ಕ ಕಿಟಕಿಯ ಪರದೆ ಸರಿಸಿ ನೋಡಿದಳು. ಎದುರುಮನೆಯಲ್ಲಿ ಹಸುಗೂಸಿತ್ತು. ಒಣಹಾಕಿದ ಪುಟ್ಟ ಪುಟ್ಟ ಬಟ್ಟೆಗಳು ಬೀದಿಗೇ ಕಾಣುತ್ತಿದ್ದವು. ನರ್ಸ್ ಆ ಮನೆಯ ಮೆಟ್ಟಿಲೂ ತುಳಿಯದೆ ನೇರವಾಗಿ ಬೀದಿ ತುದಿಗೆ ನಡೆದು ಬಸ್ಸು ಹತ್ತಿದಳು.

ಲಸಿಕೆಯ ಮಾತು ಸುಳ್ಳು ಎಂಬುದು ಅಷ್ಟಕ್ಕೇ ತಿಳಿದುಹೋಯಿತು.

ಹೊಲಿಗೆಯಕ್ಕ ಸುಮ್ಮನೆ ಸಂಶಯ ಪಡುವ ಜಾತಿಯವಳಲ್ಲ. ಅಳತೆ ತಪ್ಪಾಗಿ ಕೊಟ್ಟವರು ‘ನೀವೇ ತಪ್ಪು ಹೊಲಿದಿದ್ದು’ ಎಂದರೂ ನಕ್ಕು ಬಿಚ್ಚಿ ಹೊಲಿದುಕೊಡುತ್ತಿದ್ದ ಹೆಂಗಸು. ಆದರೆ ಮಗುವಿನ ವಿಚಾರದಲ್ಲಿ ಎರಡು ವರ್ಷಗಳಿಂದ ಅವಳು ಕೇಳಿದ ಮಾತುಗಳು ಅವಳನ್ನು ಬೇರೆಯೇ ಮಾಡಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರು ಇದು ಆಟಿಸಂ ಎಂದು ಹೇಳಿ, ತರಬೇತಿ ಕೊಡಿಸಿ ಎಂದು ಮುಂದಿನವರನ್ನು ಕರೆದಿದ್ದರು. ಮೇಲ್ಮನೆಯ ನಿವೃತ್ತ ಮೇಷ್ಟ್ರು, ತಾಯಿ ಮಗುವಿನ ಜೊತೆ ಮಾತಾಡದೆ ಮಷಿನ್ ತುಳಿಯುತ್ತ ಕೂತರೆ ಮಗುವಿಗೆ ಮಾತು ಎಲ್ಲಿಂದ ಬರಬೇಕು ಎಂದು ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟಿದ್ದರು. ಎಲ್ಲರಿಗಿಂತ ಮೊನಚು ಮಾತು ಗಂಡನ ಅಕ್ಕನದು. ಒಂದೇ ಒಂದು ಮಗು, ಅದನ್ನೂ ನೆಟ್ಟಗೆ ಬೆಳೆಸಲು ಆಗಲಿಲ್ಲವಲ್ಲ ಎಂದು ಅತ್ತಿಗೆ ಎಲ್ಲರೆದುರು ಅಂದಿದ್ದಳು. ಬೇರೆ ಊರಿನಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ವಸತಿಶಾಲೆಯಿದೆ, ಅಲ್ಲಿ ಬಿಡಿ, ತಮ್ಮನಿಗೂ ನೆಮ್ಮದಿ ಎಂದು ಬಂದಾಗಲೆಲ್ಲ ಅದೇ ರಾಗ ಎಳೆಯುತ್ತಿದ್ದಳು.

ಗಂಡ ಲಾರಿ ಓಡಿಸುವವನು. ತಿಂಗಳಲ್ಲಿ ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅಕ್ಕ ಮಾತಾಡುವಾಗ ಅವನು ಹೂಂ ಎನ್ನುತ್ತಲೂ ಇರಲಿಲ್ಲ, ಉಹೂಂ ಎನ್ನುತ್ತಲೂ ಇರಲಿಲ್ಲ. ಆ ಮೌನವೇ ಹೊಲಿಗೆಯಕ್ಕನಿಗೆ ಹೆಚ್ಚು ಭಯ.

ಅಂದು ಅವನ ಫೋನು ಬಂದಾಗ ನರ್ಸ್ ಬಂದಿದ್ದನ್ನು ಹೇಳಿದಳು. ಬಂದರೆ ಬರಲಿ ಬಿಡು, ಒಳ್ಳೆಯದೇ ಅಲ್ಲವೇ ಎಂದ ಅವನು. ಇವನಿಗೆ ಮೊದಲೇ ಗೊತ್ತಿತ್ತೇ? ಅಕ್ಕ ತಮ್ಮ ಸೇರಿಯೇ ಕಳಿಸಿದ್ದಾರೆಯೇ? ಮಗುವನ್ನು ತಾಯಿಯಿಂದ ಬಿಡಿಸಬೇಕಾದರೆ ತಾಯಿ ಸರಿಯಿಲ್ಲ ಎಂದು ಯಾರಾದರೂ ಹೇಳಬೇಕು. ಬಿಳಿ ಅಂಗಿಯವರು ಹೇಳಿದರೆ ಮುಗಿಯಿತು, ಕಲ್ಲಿನ ಮೇಲೆ ಕೊರೆದ ಹಾಗೆ.

ಮರುದಿನ ಅವಳು ತಿರುಪುಳಿ ಹಿಡಿದು ಕುರ್ಚಿ ಹತ್ತಿ ಚಿಲಕವನ್ನು ಬಿಚ್ಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಅವಳಿಗೇ ಅನ್ನಿಸದೆ ಇರಲಿಲ್ಲ. ಅವಳು ಮಗುವನ್ನು ಆ ಕೋಣೆಯೊಳಗೆ ಎಂದೂ ಕೂಡಿಹಾಕಿರಲಿಲ್ಲ. ಅದು ಅವಳ ಕೆಲಸದ ಕೋಣೆ. ಒಳಗೆ ಮಷಿನ್, ಕತ್ತರಿಗಳು, ಸೂಜಿಯ ಡಬ್ಬಿಗಳು, ಇಸ್ತ್ರಿ ಪೆಟ್ಟಿಗೆ. ಗುಬ್ಬಿ ಹೊರಗೇ ಇರಲಿ ಎಂದು ಹಾಕಿದ್ದ ಚಿಲಕ ಅದು. ಆದರೆ ನೋಡುವ ಕಣ್ಣಿಗೆ ಚಿಲಕ ಚಿಲಕವೇ, ಯಾರನ್ನು ಯಾವ ಕಡೆ ಇಟ್ಟಿದೆ ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲು ಹೋದರೆ ಕಥೆ ಕಟ್ಟುತ್ತಾಳೆ ಎನ್ನುತ್ತಾರೆ. ಚಿಲಕದ ಬದಲು ಬಾಗಿಲಿಗೆ ಅಡ್ಡವಾಗಿ ಬಟ್ಟೆ ತುಂಬಿದ ಪೆಟ್ಟಿಗೆಯೊಂದನ್ನು ಎಳೆದಿಟ್ಟಳು.

ನರ್ಸ್ ಹೇಳಿದ ವಾರಕ್ಕೆ ಸರಿಯಾಗಿ ಬಂದಳು. ಅವತ್ತು ಹೊಲಿಗೆಯಕ್ಕ ಗುಬ್ಬಿಗೆ ಮುಂಗೈವರೆಗೆ ಬರುವ ಅಂಗಿ ತೊಡಿಸಿದ್ದಳು. ಹೊಲಿಗೆ ಮೈಗೆ ತಾಗಿದರೆ ಗುಬ್ಬಿಗೆ ಮುಳ್ಳು ಚುಚ್ಚಿದ ಹಾಗೆ. ಸೆಕೆ ಬೇರೆ. ಮಗು ತೋಳನ್ನು ಹಲ್ಲಿನಿಂದ ಜಗ್ಗುತ್ತ ಕಿರುಚುತ್ತಿತ್ತು. ನರ್ಸ್ ಚೀಲ ಇಳಿಸಿ, ಮೇಜಿನಿಂದ ದೂರ ನೆಲದ ಮೇಲೆ ಕೂತು, ಸಣ್ಣ ದನಿಯಲ್ಲಿ ಹೇಳಿದಳು:

"ಗಿಡ್ಡ ತೋಳಿಂದೇ ಹಾಕಿಬಿಡಿ. ನಾನು ಹೋದ ಸಲಾನೇ ನೋಡಿದ್ದೀನಲ್ಲ."

ಏನು ನೋಡಿದ್ದಾಳೆ, ಯಾರಿಗೆ ಹೇಳಿದ್ದಾಳೆ? ಹೊಲಿಗೆಯಕ್ಕ ಅಂಗಿ ಬದಲಿಸಿದಳು. ನರ್ಸ್ ಈ ಸಲ ಮಗುವಿನ ಬಗ್ಗೆ ಏನನ್ನೂ ಕೇಳಲಿಲ್ಲ. ನೀವು ಯಾವಾಗ ಮಲಗುತ್ತೀರಿ, ಮಗು ಎದ್ದಾಗ ನೀವೂ ಏಳುತ್ತೀರಾ, ಕೊನೆಯ ಸಲ ಕೂತು ಊಟ ಮಾಡಿದ್ದು ಯಾವಾಗ, ನಿಮ್ಮ ಕಡೆಯವರು ಯಾರಾದರೂ ಹತ್ತಿರ ಇದ್ದಾರಾ ಎಂದು ಒಂದೊಂದಾಗಿ ಕೇಳಿದಳು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗಿನ ದನಿ. ಎಲ್ಲ ಸರಿಯಾಗಿದೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ ಎಂದಳು ಹೊಲಿಗೆಯಕ್ಕ. ಹಾಗನ್ನುವಾಗ ಅವಳ ಕಣ್ಣ ಕೆಳಗಿನ ಕಪ್ಪು ಕನ್ನಡಿಯಿಲ್ಲದೆಯೂ ಅವಳಿಗೇ ಗೊತ್ತಾಗುವಂತಿತ್ತು. ನಿದ್ದೆಯಿಲ್ಲದ ತಾಯಿ ಕೈ ಎತ್ತದೆ ಇರುತ್ತಾಳೆಯೇ ಎಂದು ಬರೆಯಲು ತಾನೇ ಇವೆಲ್ಲ?

ಅಷ್ಟರಲ್ಲಿ ಅಡುಗೆಮನೆಯ ಕುಕ್ಕರ್ ಕೂಗಿತು. ನರ್ಸ್ ಬರುವ ಗಡಿಬಿಡಿಯಲ್ಲಿ ಹೊಲಿಗೆಯಕ್ಕ ಅದನ್ನು ಇಳಿಸಲು ಮರೆತಿದ್ದಳು. ಗುಬ್ಬಿ ಎರಡು ಕಿವಿಯನ್ನೂ ಮುಚ್ಚಿ ಚೀರಿ, ತನ್ನ ತೋಳಿಗೇ ಬಾಯಿ ಹಾಕಿದಳು. ಹೊಲಿಗೆಯಕ್ಕ ಮೇಜಿನ ಕೆಳಗೆ ನುಗ್ಗಿ ಮಗುವನ್ನು ತಬ್ಬಿಕೊಂಡು, ಒಲೆ ಆರಿಸಿ ಎಂದು ನರ್ಸ್‌ಗೆ ಕೂಗಿದಳು. ಸದ್ದು ನಿಂತ ಮೇಲೂ ಬಹಳ ಹೊತ್ತು ಮಗು ಬಿಗಿದುಕೊಂಡೇ ಇತ್ತು. ಹೊಲಿಗೆಯಕ್ಕ ತಲೆಯೆತ್ತಿದಾಗ ನರ್ಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡುತ್ತಿದ್ದುದು ಮಗುವನ್ನಲ್ಲ, ಇವಳ ತೋಳನ್ನು. ಹೊರಡುವಾಗ ಆಕೆಯ ಕಣ್ಣು ಹಿಂದಿನ ಕೋಣೆಯ ಬಾಗಿಲಿಗೂ ಹೋಯಿತು. ಚಿಲಕ ಹೋಗಿ, ತಿರುಪು ಕಿತ್ತ ತೂತುಗಳು ಮಾತ್ರ ಉಳಿದಿದ್ದವು. ಬಚ್ಚಿಟ್ಟಿದ್ದು ಚಿಲಕಕ್ಕಿಂತ ಎದ್ದು ಕಾಣುತ್ತಿತ್ತು.

ಅದಾದ ಮೂರ್ನಾಲ್ಕು ದಿನಕ್ಕೆ ಹೊಲಿದ ಪರದೆಗಳನ್ನು ಗಿರಾಕಿಯೊಬ್ಬರಿಗೆ ತಲುಪಿಸಲು ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದಾಗ, ಆರೋಗ್ಯ ಕೇಂದ್ರದ ಮುಂದಿನ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದು ಕಾಣಿಸಿತು. ಪಕ್ಕದಲ್ಲಿ ನರ್ಸ್. ಅತ್ತಿಗೆ ಕೈ ಆಡಿಸುತ್ತ ಏನೋ ಹೇಳುತ್ತಿದ್ದಳು. ನರ್ಸ್ ಏನೋ ಅಂದಳು. ಅತ್ತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ಹೊಲಿಗೆಯಕ್ಕ ರಸ್ತೆಯ ಆಚೆ ಬದಿಗೆ ಸರಿದು, ನಿಂತ ವ್ಯಾನೊಂದರ ಮರೆಯಲ್ಲಿ ನಿಂತಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತನ್ನಮ್ಮ ಹೇಳುತ್ತಿದ್ದುದು ನೆನಪಾಯಿತು. ಇನ್ನು ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಮುಂದಿನ ಸಲ ನರ್ಸ್ ಬಂದಾಗ ಅವಳು ಬಾಗಿಲು ತೆರೆಯಲಿಲ್ಲ. ಮಷಿನ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ಕೂತಳು. ಆದರೆ ಗುಬ್ಬಿಗೆ ಯಾರ ಭಯ? ತನ್ನ ಒಂದೇ ಸ್ವರವನ್ನು ಎಳೆಯುತ್ತಲೇ ಇದ್ದಳು. ಹೊರಗಿನಿಂದ ನರ್ಸ್ ಮಾತಾಡಿದಳು. ಒಳಗಿದ್ದೀರಿ ಎಂದು ಗೊತ್ತು, ತೆರೆಯಲೇಬೇಕು ಅಂತೇನಿಲ್ಲ, ಬೇಕಾದಾಗ ನೀವೇ ಕೇಂದ್ರಕ್ಕೆ ಬನ್ನಿ, ಬೆಳಗ್ಗೆ ಬೇಗ ಬಂದರೆ ಜನ ಇರುವುದಿಲ್ಲ ಎಂದಳು. ಮೆಟ್ಟಿಲಿಳಿದ ಸದ್ದು ಕೇಳಿತು. ಹೊಲಿಗೆಯಕ್ಕ ಆಮೇಲೂ ಬಹಳ ಹೊತ್ತು ಏಳಲಿಲ್ಲ. ಗೋಡೆಗೂ ಕಿವಿಯಿರುತ್ತದೆ, ಬಾಗಿಲ ಹೊರಗೆ ನಿಂತವರಿಗೆ ಇರುವುದಿಲ್ಲವೇ?

ಆ ವಾರದಲ್ಲೇ ಅನಾಹುತವಾಯಿತು.

ಒಂದು ಮಧ್ಯಾಹ್ನ ಪರದೆಗಳಿಗೆ ಇಸ್ತ್ರಿ ಮಾಡಿ ಮುಗಿಸಿ, ಪೆಟ್ಟಿಗೆಯ ಸ್ವಿಚ್ಚು ಆರಿಸಿ ನಿಲ್ಲಿಸಿದ್ದಳು. ಬಾಗಿಲಿಗೆ ಗಿರಾಕಿ ಬಂದರು. ಕೋಟಿನ ತೋಳು ಒಂದು ಬೆರಳು ಉದ್ದವಾಗಿದೆ ಎಂದು ತಕರಾರು. ತೊಟ್ಟು ತೋರಿಸಿ, ಮಡಿಚಿ, ಗುರುತು ಹಾಕಿ ಕಳಿಸುವಷ್ಟರಲ್ಲಿ ಒಳಗಿನ ಗುನುಗು ನಿಂತಿದ್ದು ಅವಳಿಗೆ ತಟ್ಟಿತು. ತಿರುಗಿದಾಗ ಬಾಗಿಲಿಗೆ ಅಡ್ಡ ಇಟ್ಟ ಬಟ್ಟೆಯ ಪೆಟ್ಟಿಗೆ ಪಕ್ಕಕ್ಕೆ ಸರಿದಿತ್ತು. ಗುಬ್ಬಿ ಇಸ್ತ್ರಿ ಪೆಟ್ಟಿಗೆಯ ಹೊಳೆಯುವ ತಳಕ್ಕೆ ಅಂಗೈ ಒತ್ತಿ, ಅದರಲ್ಲಿ ಮೂಡಿದ ತನ್ನ ಪ್ರತಿಬಿಂಬವನ್ನು ನೋಡುತ್ತ ನಿಂತಿದ್ದಳು. ಅಳುತ್ತಿರಲಿಲ್ಲ. ಕುಕ್ಕರಿನ ಸದ್ದಿಗೆ ಮನೆ ಹಾರಿಹೋಗುವಂತೆ ಕಿರುಚುವ ಮಗು ಸುಟ್ಟ ಅಂಗೈಗೆ ಕಣ್ಣೀರು ಹಾಕಲಿಲ್ಲ.

ನಲ್ಲಿಯ ಕೆಳಗೆ ಕೈ ಹಿಡಿದಳು, ಮನೆಯಲ್ಲಿದ್ದ ಮುಲಾಮು ಹಚ್ಚಿದಳು. ಆಸ್ಪತ್ರೆ ಎಂಬ ಮಾತು ಮನಸ್ಸಿಗೆ ಬಂದಾಗಲೆಲ್ಲ ಹಿಂದೆಯೇ ಇನ್ನೊಂದು ಮಾತು ಬರುತ್ತಿತ್ತು. ತೋಳಲ್ಲಿ ನೀಲಿ ಕಲೆ, ಅಂಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ಬರೆ. ಇನ್ನೇನು ಸಾಕ್ಷಿ ಬೇಕು ಅವರಿಗೆ? ಬಟ್ಟೆ ಸುತ್ತಿದರೆ ಗುಬ್ಬಿ ಕಿತ್ತೆಸೆಯುತ್ತಿದ್ದಳು, ಬೊಬ್ಬೆ ಒಡೆದು ನೆಲಕ್ಕೆ ಉಜ್ಜುತ್ತಿದ್ದಳು. ಅಂಗೈ ಕೆಂಪೇರಿ ಊದಿಕೊಂಡಿತು. ಮಗುವಿನ ಮೈ ಬಿಸಿಯಾಯಿತು. ಮೂರನೆಯ ದಿನ ಬೆಳಗ್ಗೆ ಗುಬ್ಬಿ ಉರುಳೆಗಳನ್ನು ಮುಟ್ಟದೆ ಮೇಜಿನ ಕೆಳಗೆ ಸುಮ್ಮನೆ ಮಲಗಿದ್ದನ್ನು ಕಂಡಾಗ ಹೊಲಿಗೆಯಕ್ಕನಿಗೆ ಒಂದು ವಿಷಯ ನಿಚ್ಚಳವಾಯಿತು. ಮಗುವನ್ನು ಅವರು ಕಿತ್ತುಕೊಂಡರೂ ಮಗು ಇರುತ್ತದೆ. ಹೀಗೇ ಬಚ್ಚಿಟ್ಟುಕೊಂಡರೆ ಇರುತ್ತದೋ ಇಲ್ಲವೋ.

ಅವಳು ಗುಬ್ಬಿಯನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದಳು. ಬಾಗಿಲು ಆಗಷ್ಟೇ ತೆರೆದಿತ್ತು. ನರ್ಸ್ ಒಬ್ಬಳೇ ಟ್ರೇಯಲ್ಲಿ ಹತ್ತಿ ಜೋಡಿಸುತ್ತಿದ್ದಳು. ಇವಳನ್ನು ಕಂಡು ಎದ್ದು ಬಂದಳು. ಹೊಲಿಗೆಯಕ್ಕ ಮಗುವಿನ ಕೈಯನ್ನು ಸೆರಗಿನೊಳಗೇ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ನೀವು ಲಸಿಕೆ ಕೇಳೋಕೆ ಬಂದಿದ್ದಲ್ಲ. ಯಾಕೆ ಬಂದ್ರಿ ಅಂತ ಮೊದಲು ಹೇಳಿ ಸಿಸ್ಟರ್. ಆಮೇಲೆ ಮಗು ಕೈ ತೋರಿಸ್ತೀನಿ."

ನರ್ಸ್ ಗುಬ್ಬಿಯ ಕಣ್ಣು ಮೇಲಿನ ಫ್ಯಾನಿನತ್ತ ಹೋಗಿ ಮೈ ಬಿಗಿಯುತ್ತಿರುವುದನ್ನು ಗಮನಿಸಿ ಫ್ಯಾನ್ ಆರಿಸಿದಳು.

"ಆ ಮನೇಲಿ ಮಗುಗೆ ಹೊಡೀತಾರೆ, ಕೋಣೇಲಿ ಕೂಡಿಹಾಕ್ತಾರೆ ಅಂತ ದೂರು ಬಂದಿತ್ತು. ನೋಡ್ಕೊಂಡು ಬಾ ಅಂದ್ರು. ನಿಜ ಹೇಳಿದ್ರೆ ನೀವು ಒಳಗೆ ಬಿಡಲ್ಲ ಅಂತ ಸುಳ್ಳು ಹೇಳ್ದೆ."

"ನೀವೂ ನಂಬಿದ್ರಾ?"

"ನಂಬಿದ್ದೆ. ಚಿಲಕ ನೋಡಿದ ಮೇಲಂತೂ ಪೂರ್ತಿ ನಂಬಿದ್ದೆ."

ಹೊಲಿಗೆಯಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ಬೇರೇನೋ. ಇಷ್ಟು ದಿನ ಕತ್ತಲಲ್ಲಿ ತಡಕಾಡುತ್ತಿದ್ದವಳಿಗೆ ಗೋಡೆ ಕೈಗೆ ಸಿಕ್ಕ ಹಾಗೆ. ಗೋಡೆ ಗಟ್ಟಿಯಾಗಿತ್ತು, ಆದರೆ ಇದೆ ಎಂದಾದರೂ ಗೊತ್ತಾಯಿತು. ಅವಳು ಸೆರಗು ಸರಿಸಿ ಮಗುವಿನ ಅಂಗೈ ತೋರಿಸಿದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಚಿಲಕ ಯಾಕೆ ಹಾಕಿದ್ದೆಂದು, ಯಾಕೆ ಬಿಚ್ಚಿದ್ದೆಂದು, ಇಸ್ತ್ರಿ ಪೆಟ್ಟಿಗೆಯ ವಿಷಯ, ಇಷ್ಟು ದಿನ ಹೆದರಿ ಕೂತ ವಿಷಯ. ನರ್ಸ್ ಕೇಳುತ್ತಲೇ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಯಾಕೆ ತಡಮಾಡಿದಿರಿ ಎಂದು ಗದರಲಿಲ್ಲ.

"ಹಾಗಾದ್ರೆ ಇದರಲ್ಲಿ ನನ್ನ ಪಾಲೂ ಇದೆ," ಎಂದಳು.

ಡಾಕ್ಟರು ಬಂದು ನೋಡಿ, ಸೋಂಕಾಗಿದೆ, ಆದರೆ ಆಳಕ್ಕೆ ಇಳಿದಿಲ್ಲ ಎಂದು ಔಷಧಿ ಬರೆದುಕೊಟ್ಟರು. ಕಟ್ಟು ಹಾಕುವುದು ನರ್ಸ್ ಕೆಲಸ. ಆಕೆ ಮೊದಲು ತನ್ನ ಅಂಗೈಗೆ ಒಂದು ಸುತ್ತು ಬಟ್ಟೆ ಸುತ್ತಿ ಗುಬ್ಬಿಯ ಎದುರಿಗೆ ಇಟ್ಟಳು. ಆಮೇಲೆ ತಾಯಿಯ ಅಂಗೈಗೆ ಸುತ್ತಿದಳು. ಗುಬ್ಬಿ ಎರಡನ್ನೂ ಮುಟ್ಟಿ ನೋಡಿ, ಮೂಸಿ ನೋಡಿ, ತುಸು ಗುನುಗಿದಳು. ಮೂರನೆಯ ಅಂಗೈಗೆ ಕಟ್ಟುವಾಗ ಕಿರುಚಿದಳು ನಿಜ, ಆದರೆ ಕಿತ್ತೆಸೆಯಲಿಲ್ಲ. ಕಟ್ಟು ಮುಗಿದ ಮೇಲೆ ನರ್ಸ್ ಹೊಲಿಗೆಯಕ್ಕನ ರವಿಕೆಯ ಉದ್ದ ತೋಳನ್ನು ಮೊಣಕೈವರೆಗೆ ಮಡಿಚಿದಳು. ಅವಳು ಬಿಡಿಸಿಕೊಳ್ಳಲು ನೋಡಿದಳು, ನರ್ಸ್ ಬಿಡಲಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಸಾಲು ಸಾಲಾಗಿ ಸಣ್ಣ ಹಲ್ಲಿನ ಗುರುತುಗಳು, ಕೆಲವು ಹಳೆಯವು, ಕೆಲವು ಹಸಿ.

"ಅವತ್ತು ಕುಕ್ಕರ್ ಕೂಗಿದಾಗ ಮಗು ತನ್ನ ತೋಳು ಕಚ್ಚಿಕೊಳ್ತು. ನೀವು ಅದನ್ನ ಬಿಡಿಸಿ ನಿಮ್ಮ ತೋಳು ಕೊಟ್ರಿ. ಮುಖಾನೂ ಕಿವುಚಲಿಲ್ಲ. ದೂರು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಆಗಲೇ."

"ಹಾಗಾದ್ರೆ ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳಬೇಕಿತ್ತು. ಮುಂದಿನ ಸಲ ಹೇಳೋಣ ಅಂತ ಬಂದೆ. ನೀವು ಬಾಗಿಲು ತೆಗೀಲಿಲ್ಲ."

ಹೊಲಿಗೆಯಕ್ಕ ಅಷ್ಟಕ್ಕೇ ಬಿಡುವವಳಲ್ಲ. ಬೆಂಚಿನ ಮೇಲೆ ನಗುತ್ತ ಕೂತಿದ್ದ ಅತ್ತಿಗೆಯ ಬಗ್ಗೆಯೂ ಕೇಳಿದಳು. ನರ್ಸ್ ಮುಚ್ಚಿಡಲಿಲ್ಲ. ಅತ್ತಿಗೆ ಬಂದಿದ್ದು ರಕ್ತದೊತ್ತಡ ತೋರಿಸಲು. ಬಂದವಳು ವಸತಿಶಾಲೆಯ ಮಾತೆತ್ತಿ, ನೀವೇ ಒಂದು ಮಾತು ಬರೆದುಕೊಡಿ ಎಂದಳಂತೆ. ಅದಕ್ಕೆ ನರ್ಸ್, ಅದು ನನ್ನ ಕೆಲಸವಲ್ಲ, ನಿಮಗೆ ಅಷ್ಟು ಕಾಳಜಿಯಿದ್ದರೆ ವಾರಕ್ಕೊಮ್ಮೆ ಬಂದು ಆ ಮಗುವಿನ ಜೊತೆ ಕೂತುಕೊಳ್ಳಿ, ತಾಯಿ ಸ್ವಲ್ಪ ಹೊರಗೆ ಹೋಗಿ ಬರಲಿ ಎಂದಿದ್ದಳಂತೆ. ಅತ್ತಿಗೆ ನಕ್ಕಿದ್ದು ಆ ಮಾತಿಗೆ. ದೂರು ಕೊಟ್ಟವರು ಯಾರು ಎಂದು ಕೇಳಿದಾಗ ಮಾತ್ರ ನರ್ಸ್ ತಲೆ ಅಲ್ಲಾಡಿಸಿದಳು. ಅದನ್ನು ಹೇಳುವುದಿಲ್ಲ, ಎಷ್ಟು ಸಲ ಕೇಳಿದರೂ ಹೇಳುವುದಿಲ್ಲ ಎಂದಳು.

ಸುಟ್ಟಗಾಯವನ್ನು ಮೇಲಿನವರಿಗೆ ತಿಳಿಸಲೇಬೇಕು ಎಂದು ಆಕೆ ಹೇಳಿದಾಗ ಹೊಲಿಗೆಯಕ್ಕ ಬಾಗಿಲ ಕಡೆ ತಿರುಗಿದಳು. ಬಂದಿದ್ದೇ ತಪ್ಪಾಯಿತು ಎನ್ನಿಸಿ ಮಗುವನ್ನು ಎದೆಗೊತ್ತಿಕೊಂಡಳು. ಆದರೆ ನರ್ಸ್ ಒಳಗಿನ ಕೋಣೆಗೆ ಹೋಗಲಿಲ್ಲ. ಅವಳೆದುರಿಗೇ ಕೂತು, ಆ ಕಡೆಯ ಮಾತೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟು ಮೇಲಧಿಕಾರಿಗೆ ಕರೆ ಮಾಡಿದಳು. ತಾಯಿ ಇಲ್ಲೇ ಕೂತು ಕೇಳುತ್ತಿದ್ದಾರೆ ಎಂದು ಮೊದಲೇ ಹೇಳಿದಳು. ನಡೆದದ್ದನ್ನು ನಡೆದ ಹಾಗೇ ಹೇಳಿದಳು, ತಾನು ಚಿಲಕವನ್ನು ತಪ್ಪಾಗಿ ತಿಳಿದದ್ದನ್ನೂ ಸೇರಿಸಿ. ಆ ಕಡೆಯಿಂದ ಒರಟು ದನಿಯೊಂದು, ಹಾಗಾದರೆ ತಾಯಿಯದು ತಪ್ಪೇನೂ ಇಲ್ಲವೋ ಎಂದು ಕೇಳಿತು.

"ಈ ತಾಯಿಗೆ ಮಗು ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ ಸಾರ್. ಕೈ ಸಾಲ್ತಿಲ್ಲ, ಅಷ್ಟೇ. ಇನ್ನೆರಡು ಕೈ ಬೇಕು, ಒಂದಿಷ್ಟು ನಿದ್ದೆ ಬೇಕು."

ಅಧಿಕಾರಿ ತಾನೇ ಬಂದು ನೋಡುವುದಾಗಿ ಹೇಳಿದ. ಬಂದ ಕೂಡ. ಬರುವ ದಿನವನ್ನು ನರ್ಸ್ ಮೊದಲೇ ತಿಳಿಸಿದ್ದಳು. ಹೊಲಿಗೆಯಕ್ಕ ಅದಕ್ಕೂ ಮುಂಚೆಯೇ ಚಿಲಕವನ್ನು ಅದೇ ತೂತುಗಳಿಗೆ ತಿರುಗಿಸಿ ಬಿಗಿದಿದ್ದಳು. ಅಧಿಕಾರಿ ಕೆಲಸದ ಕೋಣೆ, ಕತ್ತರಿ, ಮಷಿನ್ ಎಲ್ಲ ನೋಡಿ, ಮೇಜಿನ ಕೆಳಗೆ ಬಗ್ಗಿ ಗುಬ್ಬಿಯನ್ನು ಮಾತಾಡಿಸಲು ಹೋಗಿ ಉರುಳೆಯ ಸಾಲು ಕೆಡಿಸಿ, ಕಿರುಚಾಟ ಶುರುವಾದ ಕೂಡಲೇ ಬಂದಷ್ಟೇ ಬೇಗ ಹೊರಟುಹೋದ. ಮಗು ತಾಯಿಯ ಹತ್ತಿರವೇ ಇರಲಿ ಎಂಬ ಮಾತು ಆಮೇಲೆ ನರ್ಸ್ ಮೂಲಕ ಬಂತು.

ಅಲ್ಲಿಗೆ ಸಂಶಯವೆಲ್ಲ ಕರಗಿತು ಎಂದರೆ ಸುಳ್ಳಾಗುತ್ತದೆ. ಕಟ್ಟು ಬದಲಿಸಲು ನರ್ಸ್ ಮನೆಗೇ ಬರತೊಡಗಿದಳು. ಒಂದು ಮಧ್ಯಾಹ್ನ ಕೆಲಸ ಮುಗಿದ ಮೇಲೆ, ನನಗೆ ಇನ್ನೂ ಸ್ವಲ್ಪ ಹೊತ್ತು ಇದೆ, ನಾನಿಲ್ಲಿ ಇರುತ್ತೇನೆ, ನೀವು ಹೋಗಿ ಮಲಗಿ ಎಂದಳು. ಹೊಲಿಗೆಯಕ್ಕ ಕೆಲಸದ ಕೋಣೆಗೆ ಹೋಗಿ ಬಟ್ಟೆಗಳ ಪಕ್ಕ ಉರುಳಿಕೊಂಡಳು. ಕಣ್ಣು ಮುಚ್ಚಿದ್ದು ನಾಟಕಕ್ಕೆ, ಕಿವಿ ಎರಡೂ ಹೊರಗೆ. ಬಾಯಲ್ಲಿ ಸಕ್ಕರೆ ಇದ್ದವರ ಕೈಯಲ್ಲಿ ಏನಿದೆಯೋ ಯಾರು ಬಲ್ಲರು? ಮೊದಲು ಚೀಲದ ಸದ್ದಾಯಿತು. ಆಮೇಲೆ ಯಾವುದೋ ಕುರ್ಚಿ ಸರಿಯಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಸದ್ದು ಅವಳನ್ನು ಇನ್ನಷ್ಟು ಹೆದರಿಸಿತು. ಎದ್ದು, ಹೆಜ್ಜೆ ಸದ್ದಾಗದಂತೆ ಬಂದು ಇಣುಕಿದಳು.

ನರ್ಸ್ ಮೇಜಿನ ಕೆಳಗಿದ್ದಳು. ದೊಡ್ಡ ಮೈಯನ್ನು ಹೇಗೋ ಮುದುರಿಕೊಂಡು, ಮೇಜಿನ ಹಲಗೆಗೆ ತಲೆ ತಾಗಿಸಿಕೊಂಡು ಕೂತಿದ್ದಳು. ಗುಬ್ಬಿ ಆಕೆಗೆ ಬೆನ್ನು ಹಾಕಿ ಉರುಳೆ ಜೋಡಿಸುತ್ತಿದ್ದಳು. ನರ್ಸ್ ಮಗುವನ್ನು ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ, ಏನನ್ನೂ ಕಲಿಸುತ್ತಿರಲಿಲ್ಲ. ಉರುಳೆಯೊಂದು ಉರುಳಿ ಬಂದರೆ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಅಷ್ಟೇ. ಹೊಲಿಗೆಯಕ್ಕ ಬಾಗಿಲ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ವಾಪಸು ಹೋಗಿ ಮಲಗಿದಳು. ಎಚ್ಚರವಾದಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಇಷ್ಟು ಹೊತ್ತು ಎಬ್ಬಿಸಲಿಲ್ಲವಲ್ಲ ಎಂದು ಗಾಬರಿಯಾಗಿ ಓಡಿಬಂದರೆ, ನರ್ಸ್ ಇನ್ನೂ ಮೇಜಿನ ಕೆಳಗೇ ಇದ್ದು, ಕಾಲು ಜೋಮು ಹಿಡಿದಿದೆ, ಕೈ ಕೊಟ್ಟು ಎಬ್ಬಿಸಮ್ಮ ಎಂದಳು.

ಗಂಡ ಮನೆಗೆ ಬಂದಾಗ ಅವಳು ಎಲ್ಲವನ್ನೂ ಹೇಳಿ, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದಳು. ಏನೂ ಗೊತ್ತಿರಲಿಲ್ಲ ಎಂದ. ಯಾರಾದರೂ ಬಂದು ನಿನಗೆ ಸಹಾಯ ಮಾಡಿದರೆ ಸಾಕು ಅನ್ನಿಸಿತ್ತು, ನನಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಅದಕ್ಕೇ ಸುಮ್ಮನಿರುತ್ತೇನೆ ಎಂದ. ಅವಳು ಅವನ ಮಾತನ್ನು ಅರ್ಧ ನಂಬಿದಳು. ಇನ್ನರ್ಧ ನಂಬಲು ಅವನು ಮಗುವಿನ ಕಟ್ಟು ಬದಲಿಸುವುದನ್ನು ಕಲಿಯಬೇಕಾಯಿತು. ಕಲಿತ.

ಆಮೇಲೊಂದು ಭಾನುವಾರ ಅತ್ತಿಗೆ ಬಂದು ನಿಂತಳು. ನಿಮ್ಮ ನರ್ಸಮ್ಮ ನಾನು ಹೋದಾಗಲೆಲ್ಲ ಮಗುವಿನ ಜೊತೆ ಯಾವಾಗ ಕೂರುತ್ತೀರಿ ಎಂದು ಕೇಳುತ್ತಾಳೆ, ರಕ್ತದೊತ್ತಡ ನೋಡುವುದಕ್ಕಿಂತ ಅದನ್ನು ಏರಿಸುವುದೇ ಹೆಚ್ಚು, ಒಂದು ಗಂಟೆ ಕೂತಿರುತ್ತೇನೆ, ಎಲ್ಲಿಗೆ ಹೋಗುತ್ತೀಯೋ ಹೋಗು ಎಂದು ಚಪ್ಪಲಿ ಬಿಟ್ಟಳು. ಹೊಲಿಗೆಯಕ್ಕ ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು:

"ದೂರು ಕೊಟ್ಟಿದ್ದು ನೀವೇನಾ ಅತ್ತಿಗೆ?"

ಅತ್ತಿಗೆಯ ಮುಖ ಕೆಂಪಾಯಿತು.

"ನಾನಾಗಿದ್ರೆ ನಿನ್ನ ಮುಖಕ್ಕೇ ಹೇಳ್ತಿದ್ದೆ. ಯಾವತ್ತಾದ್ರೂ ಹಿಂದೆ ಮಾತಾಡಿದ್ದೀನಾ?"

ಅದಂತೂ ನಿಜ. ಅತ್ತಿಗೆ ಹೇಳಿದ್ದೆಲ್ಲ ಮುಖಕ್ಕೆ ಹೊಡೆದ ಹಾಗೇ ಹೇಳಿದ್ದು. ಹೊಲಿಗೆಯಕ್ಕ ದಾರಿ ಬಿಟ್ಟಳು. ಕುಕ್ಕರ್ ಇಡಬೇಡಿ, ಮುಟ್ಟಬೇಡಿ, ಸುಮ್ಮನೆ ಹತ್ತಿರ ಇರಿ ಎಂದು ಹೇಳಿ ಹೊರಬಿದ್ದಳು.

ಮೆಟ್ಟಿಲಲ್ಲಿ ಮೇಲ್ಮನೆಯ ಮೇಷ್ಟ್ರು ಎದುರಾಗಿ ಮಗುವಿನ ಕೈ ಹೇಗಿದೆ ಎಂದು ಕೇಳಿದರು. ವಾಸಿಯಾಗುತ್ತಿದೆ ಎಂದಳು. ಅವರ ಮುಖವನ್ನು ತುಸು ಹೆಚ್ಚು ಹೊತ್ತು ನೋಡಿದಳು. ಅವರು ಕನ್ನಡಕ ಸರಿಮಾಡಿಕೊಂಡು ಮೇಲೆ ಹತ್ತಿದರು. ಇವರಿರಬಹುದು, ಎದುರುಮನೆಯವರಿರಬಹುದು, ಯಾರೋ ಗಿರಾಕಿಯಿರಬಹುದು. ಅದು ಅವಳಿಗೆ ಎಂದೂ ಗೊತ್ತಾಗಲಿಲ್ಲ.

ಕೈಯಲ್ಲಿ ಮಗುವಿಲ್ಲದೆ, ಬಟ್ಟೆಯ ಗಂಟಿಲ್ಲದೆ ಬೀದಿಯಲ್ಲಿ ನಡೆದು ಯಾವ ಕಾಲವಾಗಿತ್ತೋ. ಎಲ್ಲಿಗೆ ಹೋಗಬೇಕೆಂದೇ ಹೊಳೆಯಲಿಲ್ಲ. ಮೂಲೆಯ ಅಂಗಡಿಯಲ್ಲಿ ಒಂದು ಚಹಾ ಕುಡಿದಳು, ನಿಂತೇ, ಗಬಗಬ, ಅಭ್ಯಾಸಬಲದಿಂದ. ಇನ್ನೊಂದು ತರಿಸಿ ಅದನ್ನು ಕೂತು ಕುಡಿದಳು. ಬಟ್ಟೆ ಅಂಗಡಿಯ ಗಾಜಿನಲ್ಲಿ ತೂಗಿದ್ದ ಕೋಟೊಂದರ ಭುಜದ ಹೊಲಿಗೆ ಸೊಟ್ಟಗಿರುವುದನ್ನು ಕಂಡು ಒಬ್ಬಳೇ ನಕ್ಕಳು. ಅಷ್ಟರಲ್ಲಿ ಮನಸ್ಸು ತಡೆಯದೆ ಹಿಂದಕ್ಕೆ ಹೊರಟಳು.

ಬಾಗಿಲ ಮುಂದೆ ನಿಂತು ಕಿವಿಗೊಟ್ಟಳು. ಅಳುವಿಲ್ಲ, ಕಿರುಚಾಟವಿಲ್ಲ. ಗುಬ್ಬಿಯ ಒಂದೇ ಸ್ವರ ಕೇಳುತ್ತಿತ್ತು. ಅದರ ಪಕ್ಕದಲ್ಲೇ ಅತ್ತಿಗೆಯ ಒರಟು ಗಂಟಲು ಆ ಸ್ವರವನ್ನು ಹಿಡಿಯಲು ಹೋಗಿ ಜಾರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಹೊಲಿಗೆಯಕ್ಕನ ಕೈ ಬಾಗಿಲ ಹಿಡಿಯವರೆಗೆ ಹೋಗಿ ಅಲ್ಲೇ ನಿಂತಿತು. ಒಂದು ಗಂಟೆ ಎಂದಿದ್ದಳಲ್ಲ ಅತ್ತಿಗೆ, ಇನ್ನೂ ಸಮಯವಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತಳು, ಕಾಲು ನೀಡಿಕೊಂಡು.